ಕಮಲಾಕ್ಷನ ಕೆಂಪು ಚುಕ್ಕೆ

ಮೂರನೆಯ ಗುಂಡೂ ತಪ್ಪಿತು. ಮೊಲ ಓಡಲೂ ಇಲ್ಲ. ಕಿವಿ ನೆಟ್ಟಗೆ ಮಾಡಿ ಕಮಲಾಕ್ಷನ ಕಡೆ ಒಮ್ಮೆ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಡೋರೀನ್ ಬೇಲಿಗೆ ಒರಗಿ ನಿಂತು ನೋಡುತ್ತಿದ್ದಳು. ಗೋಲ್ಬರ್ನ್ ಊರಿನಾಚೆಯ ಈ ಹೊಲ ಅವಳದು. ಎಪ್ಪತ್ತು ದಾಟಿದ ಹೆಂಗಸು, ಒಬ್ಬಳೇ ಬೇಸಾಯ ಮಾಡುತ್ತಾಳೆ. ಬಿತ್ತಿದ್ದನ್ನೆಲ್ಲ ಮೊಲಗಳು ಮೇಯುತ್ತಿದ್ದರೂ ಕಂಡಕಂಡವರನ್ನು ಬಂದೂಕು ಸಮೇತ ಒಳಗೆ ಬಿಡುವವಳಲ್ಲ. ಹೊಲದವರು ಒಪ್ಪದೆ ಬೇಟೆಯ ಮಾತೇ ಇಲ್ಲ. ನಗರದ ಗಿರಾವೀನ್ ಬಡಾವಣೆಯಿಂದ ಬರುವ ಕಮಲಾಕ್ಷ ಎರಡು ವರ್ಷ ಎಷ್ಟೋ ಗೇಟುಗಳ ಮುಂದೆ ಹಲ್ಲು ಕಿರಿದು ನಿಂತು ವಾಪಸು ಬಂದಿದ್ದ. ಕೊನೆಗೆ ಇವಳೊಬ್ಬಳು, "ಒಂದು ಬೆಳಿಗ್ಗೆ ಬಾ. ನೀನು ಹೊಡೆಯುವುದನ್ನು ನೋಡಿ ಹೇಳುತ್ತೇನೆ" ಎಂದಿದ್ದಳು. ಇದೇ ಆ ಬೆಳಿಗ್ಗೆ.

ತಪ್ಪುವುದಕ್ಕೆ ಕಾರಣವೇ ಇರಲಿಲ್ಲ. ಬಂದೂಕಿನ ಮೇಲೆ ಕೂತಿದ್ದ, ಗುರಿ ಹಿಡಿಯುವ ಸೈಟು ಅವನ ಹೆಮ್ಮೆಯ ವಸ್ತು. ಬೆಂಕಿಪೊಟ್ಟಣದಷ್ಟೇ ಇರುವ ಅದು ಬ್ಯಾಟರಿಯಿಂದ ನಡೆಯುತ್ತದೆ. ಅದರ ಗಾಜಿನಲ್ಲಿ ಮೂಡುವ ಕೆಂಪು ಚುಕ್ಕೆಯನ್ನು ಗುರಿಯ ಮೇಲಿಟ್ಟು ಟ್ರಿಗರ್ ಒತ್ತಿದರೆ ಆಯಿತು. ಅಮೆರಿಕದಲ್ಲಿರುವ ತಮ್ಮ ಇಂಥದ್ದನ್ನೇ ಪಿಸ್ತೂಲಿನ ಮೇಲೆ ಕೂರಿಸಿ ಹಂದಿ ಹೊಡೆದು ಫೋಟೊ ಕಳಿಸುತ್ತಾನೆ. ಈ ದೇಶದಲ್ಲಿ ಪಿಸ್ತೂಲು ಹಿಡಿದು ಬೇಟೆಗೆ ಹೊರಟರೆ ಪೊಲೀಸರೇ ಬೇಟೆಗೆ ಬರುತ್ತಾರೆ. ಹಾಗಾಗಿ ಕಮಲಾಕ್ಷ ತನ್ನ ಶೂಟಿಂಗ್ ಕ್ಲಬ್ಬಿನ ಪಿಸ್ತೂಲಿನಿಂದ ಸೈಟು ಕಳಚಿ ರೈಫಲಿಗೆ ಜೋಡಿಸಿ, ಹೋದ ತಿಂಗಳೇ ಗುರಿ ಹೊಂದಿಸಿ ಇಟ್ಟಿದ್ದ.

"ಎಂತಾಯ್ತು ನಿಮಗೆ?" ಹಿಂದಿನಿಂದ ಹೆಂಡತಿ ಪ್ರೇಮಾವತಿ ಪಿಸುಗುಟ್ಟಿದಳು. ಸಂಜೆಯ ಮೊಲದ ಸುಕ್ಕಾಕ್ಕೆಂದು ತೆಂಗಿನಕಾಯಿ ತುರಿದಿಟ್ಟೇ ಮನೆ ಬಿಟ್ಟವಳು ಅವಳು.

"ಚುಕ್ಕೆ ಇವತ್ತು ಸ್ವಲ್ಪ ದಪ್ಪ ಉಂಟು ಮಾರಾಯ್ತಿ. ಬ್ರೈಟ್‌ನೆಸ್ ಕಮ್ಮಿ ಮಾಡಿದ್ರೂ ಸಣ್ಣ ಆಗುದೇ ಇಲ್ಲ."

"ಒಮ್ಮೆ ಆಫ್ ಮಾಡಿ ನೋಡಿ."

ಕಮಲಾಕ್ಷ ಬಂದೂಕಿನ ಗುಂಡು ತೆಗೆದು, ಸೈಟಿನ ಗುಂಡಿ ಒತ್ತಿದ. ಮತ್ತೆ ಒತ್ತಿದ. "ಆಫ್ ಮಾಡಿದೆ. ಈಗ್ಲೂ ಉಂಟು!"

ಪ್ರೇಮಾವತಿ ಬಗ್ಗಿ ಗಾಜನ್ನು ನೋಡಿದಳು. ನೋಡಿದವಳೇ ಬಾಯಿಗೆ ಕೈ ಇಟ್ಟುಕೊಂಡಳು.

"ಅಯ್ಯೋ ದೇವ್ರೇ, ಇದು ನಾನಿಟ್ಟ ಕುಂಕುಮ ಅಲ್ವಾ!"

ಹೋದ ವಾರ ಮನೆಯಲ್ಲಿ ಆಯುಧಪೂಜೆ. ಬಂದೂಕನ್ನು ಬೀಗದ ಪೆಟ್ಟಿಗೆಯಿಂದ ತೆಗೆದು ದೇವರ ಮುಂದಿಡಲು ಕಾನೂನಿನ ಭಯದಿಂದ ಕಮಲಾಕ್ಷನಿಗೆ ಧೈರ್ಯ ಸಾಲಲಿಲ್ಲ. ಅದರ ಪರವಾಗಿ ಕಳಚಿದ ಸೈಟು ಮಾತ್ರ ಬಂದು ಕಾರಿನ ಕೀ, ಮಿಕ್ಸಿ ಜಾರು, ಲ್ಯಾಪ್‌ಟಾಪ್‌ಗಳ ಸಾಲಿನಲ್ಲಿ ಕೂತು, ಆಮೇಲೆ ಮತ್ತೆ ಬಂದೂಕು ಏರಿತ್ತು.

"ಗಾಜಿಗೆ ಯಾರಾದ್ರೂ ಕುಂಕುಮ ಹಚ್ಚುದುಂಟಾ?"

"ನೋಡುವಾಗ ಹಣೆ ಹಾಗೆ ಕಂಡದ್ದು ಅದೊಂದೇ ಜಾಗ. ಮತ್ತೆ... ಪೂಜೆ ದಿನ ದೀಪ ಆರ್ಬಾರ್ದು ಅಂತ ಅದ್ರ ಲೈಟನ್ನೂ ಫುಲ್ ಇಟ್ಟಿದ್ದೆ. ಆಫ್ ಮಾಡಿದ ನೆನಪಿಲ್ಲ."

ಬ್ಯಾಟರಿ ಯಾವಾಗಲೋ ಶಿವನ ಪಾದ ಸೇರಿತ್ತು. ಐವತ್ತೆಂಟರ ಕಮಲಾಕ್ಷನಿಗೆ ದೂರದ ಮೊಲದ ಮೀಸೆ ಕಾಣುತ್ತದೆ, ಮೂಗಿನ ಮುಂದಿರುವುದು ಕಾಣುವುದಿಲ್ಲ. ಓದುವ ಕನ್ನಡಕ ಕಾರಿನಲ್ಲಿತ್ತು. ಇಷ್ಟು ಹೊತ್ತೂ ಅವನು ಹೆಂಡತಿಯ ಕುಂಕುಮವನ್ನೇ ನಂಬಿ ಗುಂಡು ಹಾರಿಸಿದ್ದ.

"ಗಾಳಿ ಜಾಸ್ತಿ ಉಂಟು ಅಂತ ಹೇಳಿ. ಒರೆಸಿ ಅಂದಾಜಿಗೆ ಇನ್ನೊಂದು ಹೊಡೀರಿ. ಒಂದಾದ್ರೂ ಬಿದ್ರೆ ಆ ಅಜ್ಜಿ ಹೂಂ ಅಂತಾರೆ" ಎಂದಳು ಪ್ರೇಮಾವತಿ.

ಆಸೆ ಅವನಿಗೂ ಆಯಿತು. ಮೊಲ ಅಲ್ಲೇ ಕೂತಿತ್ತು. "ಬೇಡ. ಅಂದಾಜಿಗೆ ಹೊಡೆದು ಕಾಲಿಗೆ ಬಿದ್ರೆ ಬಿಲದೊಳಗೆ ಹೋಗಿ ನರಳಿ ಸಾಯ್ತದೆ" ಎಂದು ಬಂದೂಕನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. ಎರಡು ವರ್ಷದ ಅಲೆದಾಟ ನೀರಿನಲ್ಲಿ ಮಾಡಿದ ಹೋಮವಾಯಿತು ಎಂದುಕೊಂಡ. ಡೋರೀನಳ ಮುಂದೆ ನಿಂತು ಕುಂಕುಮ, ದೀಪ, ಕನ್ನಡಕ ಒಂದನ್ನೂ ಬಿಡದೆ ಹೇಳಿ, "ಸಾರಿ. ನಿಮ್ಮ ಬೆಳಿಗ್ಗೆ ಹಾಳು ಮಾಡಿದೆ" ಎಂದ.

ಡೋರೀನ್ ನಗಲಿಲ್ಲ. "ಇಲ್ಲಿ ಗುರಿ ತಪ್ಪಿದವರು ಗಾಳಿಯನ್ನು ಬೈದಿದ್ದಾರೆ, ಮೊಲವನ್ನು ಬೈದಿದ್ದಾರೆ. ಒಬ್ಬ ನನ್ನ ನಾಯಿಯನ್ನೂ ಬೈದ. ಯಾರೂ ಬಂದೂಕು ಒಳಗಿಡಲಿಲ್ಲ" ಎಂದಳು. "ಮುಂದಿನ ಶನಿವಾರದಿಂದ ಬಾ. ಬ್ಯಾಟರಿ ಹಾಕಿಕೊಂಡು ಬಾ."

ಕಮಲಾಕ್ಷನಿಗೆ ಅವಳ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಬಿದ್ದರೆ ಅದನ್ನೂ ವಿವರಿಸಬೇಕಾದೀತೆಂದು ಸುಮ್ಮನಾದ.

ಅವಳು ಆಗಲೇ ಪ್ರೇಮಾವತಿಯ ಕಡೆ ತಿರುಗಿದ್ದಳು. "ಯಂತ್ರಗಳಿಗೂ ಕೈ ಮುಗಿಯುತ್ತೀರಾ ನೀವು?"

"ವರ್ಷಕ್ಕೊಂದು ದಿನ. ಅವತ್ತು ಅವಕ್ಕೆ ರಜೆ, ನಮಗೆ ಪಾಯಸ."

ಡೋರೀನ್ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಟ್ರಾಕ್ಟರನ್ನು ಸ್ವಲ್ಪ ಹೊತ್ತು ನೋಡಿದಳು. "ಗಂಡ ಹೋದ ಮೇಲೂ ನನ್ನ ಜೊತೆಗೆ ದುಡಿದದ್ದು ಅದೊಂದೇ. ಸ್ಟಾರ್ಟ್ ಆಗದಿದ್ದಾಗಲೆಲ್ಲ ಒದ್ದಿದ್ದೇನೆ. ಬೇರೇನೂ ಮಾಡಿಲ್ಲ."

ಪ್ರೇಮಾವತಿ ಹ್ಯಾಂಡ್‌ಬ್ಯಾಗಿನಿಂದ ಕುಂಕುಮದ ಪೊಟ್ಟಣ ತೆಗೆದು ಅವಳ ಮುಂದೆ ಹಿಡಿದಳು. ಡೋರೀನ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಂದು ಚಿಟಿಕೆ ತೆಗೆದುಕೊಂಡಳು. ಟ್ರಾಕ್ಟರಿನ ಹತ್ತಿರ ಹೋಗಿ, ಬೆರಳು ಮುಂದೆ ಮಾಡಿ ನಿಂತುಬಿಟ್ಟಳು.

"ಎಲ್ಲಿ ಹಚ್ಚಲಿ?"

"ಎಲ್ಲಿ ಒದೀತಿದ್ರೋ," ಎಂದಳು ಪ್ರೇಮಾವತಿ, "ಅಲ್ಲೇ."