ಬೆದರಿದ ಕುದುರೆ

ಕುರಿಗಾರರ ಹಿಂಡು ದಾರಿ ಬಿಡದಿದ್ದಾಗ ತಾಳ್ಮೆಗೆಟ್ಟ ಅವನು ಕಾರಿನ ಹಾರ್ನ್ ಒತ್ತಿ ಹಿಡಿದ. ಹೇರು ಹೊತ್ತಿದ್ದ ಕುದುರೆ ಬೆದರಿ, ಹಗ್ಗ ಕಿತ್ತುಕೊಂಡು ಜೋಳದ ಹೊಲಕ್ಕೆ ನುಗ್ಗಿತು. ಹಿಂದಿನಿಂದ ಯಾರೋ ಕೂಗಿದರೂ ಅವನು ನಿಲ್ಲಲಿಲ್ಲ.

ಮುಂದಿನ ಊರು ದಾಟುವಷ್ಟರಲ್ಲಿ ಮನಸ್ಸು ತಡೆಯಲಿಲ್ಲ. ಕಾಲು ಮುರಿದುಕೊಂಡಿದ್ದರೆ ಆ ಮೂಕಪ್ರಾಣಿಯ ಗತಿಯೇನು? ಕಾರು ತಿರುಗಿಸಿಕೊಂಡು ಬಂದ.

ಕುದುರೆ ರಸ್ತೆಬದಿಯಲ್ಲಿ ಮೇಯುತ್ತಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು. ಹೊಲದಂಚಿನಲ್ಲಿ ನಿಂತಿದ್ದ ಕುರಿಗಾರ್ತಿಗೆ ಕೈಮುಗಿದ.

"ತಪ್ಪಾತವ್ವ, ಹಾರ್ನ್ ಹೊಡೆದಾವ ನಾನ. ಕುದರಿ ಸಿಕ್ತಲ್ಲ, ಪುಣ್ಯ! ಗಂಡಸರೆಲ್ಲ ಹೊಲದಾಗ ಇನ್ನೇನು ಹುಡುಕಾಕತ್ತಾರ?"

ಅವಳು ಜೋಳದ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಕುದರಿ ಮ್ಯಾಲಿನ ಬುಟ್ಟಿ ಎಲ್ಲೋ ಬಿದ್ದೈತ್ರಿ. ಅದರಾಗ ನನ್ನ ಕೂಸು ಮಲಗಿತ್ತು."