ಕೆಂಪು ಹಿಡಿ

ತರಬೇತಿ ವಿಮಾನ ಆರು ಸಾವಿರ ಅಡಿ ಮೇಲಿತ್ತು. ಕೆಂಪು ಹಿಡಿಯನ್ನು ಹಿಂದಕ್ಕೆ ಎಳೆದಷ್ಟೂ ಎಂಜಿನ್ನಿಗೆ ಹೋಗುವ ಪೆಟ್ರೋಲು ಕಡಿಮೆಯಾಗಿ, ಹೊಗೆಕೊಳವೆಯ ಬಿಸಿ ಏರುತ್ತಿತ್ತು. ಆ ಬಿಸಿಯನ್ನು ತೋರಿಸುವ ಪುಟ್ಟ ಪರದೆಯಲ್ಲಿ ಅಂಕಿ ಸಾವಿರದ ಐನೂರು ಮುಟ್ಟಿದ ಕೂಡಲೇ ಶರ್ವಾಣಿ ಕೈ ತಡೆದಳು.

"ಯಾಕೆ ನಿಲ್ಲಿಸ್ದೆ? ಇನ್ನೂ ಎಳಿ!" ಪಕ್ಕದಲ್ಲಿದ್ದ ತರಬೇತುದಾರ ಕ್ಯಾಪ್ಟನ್ ಮುದ್ದಪ್ಪ ಗದರಿದರು.

"ಸಾವಿರದ ಐನೂರಾಗಿದೆ ಸರ್. ಇನ್ನೂ ಎಳೆದ್ರೆ ವಾಲ್ವ್ ಸುಟ್ಟುಹೋಗುತ್ತೆ."

"ಸಾವಿರದ ಮುನ್ನೂರೂ ದಾಟಿಲ್ಲ! ಅಂಕಿ ಓದೋಕೂ ಬರಲ್ವಾ? ಇಂಥವ್ರೆಲ್ಲ ಪೈಲಟ್ ಆಗ್ತಾರಂತೆ!"

ತಿಂಗಳಿಂದ ಇದೇ ಬೈಗುಳ. ಹೋದ ವಾರ ಹೀಗೆಯೇ ಎದುರು ಮಾತಾಡಿದಳೆಂದು ಅವಳ ಗೆಳತಿಯನ್ನು ಫೇಲು ಮಾಡಿ ಮನೆಗೆ ಕಳಿಸಿದ್ದರು. ಶರ್ವಾಣಿಗೆ ಸಿಟ್ಟು ನೆತ್ತಿಗೇರಿತು. ಕೈ ಚಾಚಿ ಪರದೆಯ ಸ್ವಿಚ್ ಒತ್ತಿ ಆರಿಸಿಬಿಟ್ಟಳು. ಅಂಕಿಗಳೆಲ್ಲ ಮಾಯವಾಗಿ ಪರದೆ ಕಪ್ಪಾಯಿತು.

"ಹಾಗಾದ್ರೆ ಈಗೆಷ್ಟಿದೆ, ನೀವೇ ಓದಿ ಸರ್."

ಮುದ್ದಪ್ಪ ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ ಪರದೆಯನ್ನೇ ದಿಟ್ಟಿಸಿದರು.

"ಸಾವಿರದ ಇನ್ನೂರ ಎಂಬತ್ತು! ಕಣ್ಣಿಲ್ವೇನೇ ನಿಂಗೆ?"