ಮಣಿಕಟ್ಟಿನ ಹಾವು

"ಏನಿದು?" ಸತ್ಯಮೂರ್ತಿ ಮಗಳ ಕೈ ಹಿಡಿದು ಕೇಳಿದರು. ಏನೆಂಬುದು ಕಾಣುತ್ತಲೇ ಇತ್ತು: ಮಣಿಕಟ್ಟಿನ ಮೇಲೆ ಹೆಡೆಯೆತ್ತಿದ ಕಪ್ಪು ಹಾವು.

"ಹಚ್ಚೆ," ಅಂದಳು ಶಾಮಲಾ. "ಭಾನುವಾರ ಬರೋರಿಗೆ ಹಿಡಿಸದಿದ್ದರೆ ಬೇಡ ಅಂತಾರೆ. ಅಷ್ಟೇ ತಾನೇ ಅಪ್ಪ?"

ಅಷ್ಟೇ ಆಗಿರಲಿಲ್ಲ. ಹೆಣ್ಣು ನೋಡಲು ಬರಲಿದ್ದ ನಂಜುಂಡ ಮುಂಬಯಿಯ ಪವಾಯಿಯಲ್ಲಿ ಎಂಜಿನಿಯರು. ಅಂಥ ವರ ತಮ್ಮ ಆಂಟಾಪ್ ಹಿಲ್‌ನ ಲಿಫ್ಟಿಲ್ಲದ ಕ್ವಾರ್ಟರ್ಸಿನ ಮೆಟ್ಟಿಲು ಹತ್ತುವುದೇ ದೊಡ್ಡದು. ಈ ಸಂಬಂಧ ತಪ್ಪಿದರೆ ಇನ್ನೊಂದಿಲ್ಲ ಎಂದು ಸತ್ಯಮೂರ್ತಿ ಆಗಲೇ ತೀರ್ಮಾನಿಸಿದ್ದರು. ಕೆಟ್ಟದ್ದನ್ನು ಮುಂಚಿತವಾಗಿ ತೀರ್ಮಾನಿಸುವುದರಲ್ಲಿ ಅವರದು ಪಳಗಿದ ಕೈ.

ಉದ್ದ ತೋಳಿನ ರವಿಕೆ ತೊಡಿಸೋಣ ಎಂದರು ಹೆಂಡತಿ ರಮಾಮಣಿ. ಮಗಳು ಒಪ್ಪಲಿಲ್ಲ. ಹಚ್ಚೆಗೆ ನೀರು ಸೋಕಬಾರದೆಂದು ಪಾತ್ರೆ ತೊಳೆಯುವುದನ್ನು ಬಿಟ್ಟಳು. ಸ್ನಾನಕ್ಕೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೋದಳು. ಎಷ್ಟು ನೋಯುತ್ತಿದೆಯೋ ಎಂದು ಅಪ್ಪನ ಕರುಳು ಚುರ್ ಎಂದಿತು.

ರಾತ್ರಿ ಕಾಲೇಜಿನಲ್ಲಿ ಓದಿ ಬಿ.ಎ. ಮಾಡಿದವರಿಗೆ ಒಂದು ನಂಬಿಕೆಯಿರುತ್ತದೆ, ಎಂಥ ಸಂಕಟಕ್ಕೂ ಲೈಬ್ರರಿಯಲ್ಲಿ ಪರಿಹಾರವಿದೆಯೆಂದು. ಸತ್ಯಮೂರ್ತಿ ಶನಿವಾರವಿಡೀ ಅಲ್ಲೇ ಕೂತರು.

ಭಾನುವಾರ, ಉಪ್ಪಿಟ್ಟಿನ ತಟ್ಟೆ ಕೊಟ್ಟ ಕೈಯಲ್ಲಿ ಹಾವು ಕಂಡು ವರನ ತಾಯಿ ಸುಮಿತ್ರಮ್ಮ ಬೆಚ್ಚಿದರು. ಸತ್ಯಮೂರ್ತಿ ಗಂಟಲು ಸರಿಪಡಿಸಿಕೊಂಡು ಈಜಿಪ್ಟಿನಿಂದ ಶುರುಮಾಡಿದರು. ಅಲ್ಲಿನ ಮಮ್ಮಿಗಳ ಮೈಮೇಲೂ ಹಚ್ಚೆ. ಸಮೋವಾದಲ್ಲಿ ಹಚ್ಚೆಯ ನೋವು ತಡೆದವನೇ ಗಂಡಸು. ನ್ಯೂಜಿಲೆಂಡಿನ ಮಾವೊರಿಗಳಿಗೆ ಮುಖದ ಹಚ್ಚೆಯೇ ವಂಶಾವಳಿ. ಜಪಾನಿನಲ್ಲಿ ಬೆಂಕಿ ಆರಿಸುವವರ ಬೆನ್ನ ತುಂಬ ಡ್ರ್ಯಾಗನ್; ಇಂಗ್ಲೆಂಡಿನ ರಾಜಕುಮಾರರೂ ಅಲ್ಲಿಗೆ ಹೋಗಿ ಚುಚ್ಚಿಸಿಕೊಂಡು ಬಂದರು. "ಅಷ್ಟೇಕೆ, ನಮ್ಮಜ್ಜಿಯರ ಕೈಮೇಲೆ ಇರಲಿಲ್ಲವೇ?"

"ನಮ್ಮಜ್ಜಿ ಕೈಮೇಲೆ ತುಳಸಿಕಟ್ಟೆ ಇತ್ತು," ಅಂದರು ಸುಮಿತ್ರಮ್ಮ. "ಹಾವು ಇರಲಿಲ್ಲ."

ನಂಜುಂಡ ಮಾತ್ರ ಉಪ್ಪಿಟ್ಟು ಮರೆತು ಕೇಳಿದ. ಕೊನೆಗೆ ಶಾಮಲಾಳ ಕಡೆ ತಿರುಗಿ, "ತುಂಬಾ ನೋಯ್ತಾ?" ಎಂದ.

"ನೋಡಿದರೆ ಗೊತ್ತಾಗಲ್ವಾ?" ಅಂದಳು ಅವಳು.

ವಾರವಾದರೂ ಪವಾಯಿಯಿಂದ ಸುದ್ದಿಯಿಲ್ಲ. ಮಾವೊರಿಗಳನ್ನು ಬಿಟ್ಟುಬಿಡಬೇಕಿತ್ತು, ಜಪಾನೇ ಸಾಕಿತ್ತು ಎಂದು ಸತ್ಯಮೂರ್ತಿ ಕೊರಗಿದರು. ಶಾಮಲಾ ಮಣಿಕಟ್ಟಿಗೆ ಕರವಸ್ತ್ರ ಸುತ್ತಿಕೊಂಡು, ಹಾಡು ಗುನುಗುತ್ತ ಪಾತ್ರೆ ತೊಳೆಯುತ್ತಿದ್ದಳು.

"ಪಾಪ, ದುಃಖ ತೋರಿಸಿಕೊಳ್ತಿಲ್ಲ," ಎಂದರು ಅವರು ರಮಾಮಣಿಗೆ.

ಮುಂದಿನ ಭಾನುವಾರ ತಾಯಿ, ಮಗ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು.

"ನಮಗೆ ಒಪ್ಪಿಗೆ," ಅಂದರು ಸುಮಿತ್ರಮ್ಮ, ಸಾವಿನ ಮನೆಯಿಂದ ಬಂದವರ ದನಿಯಲ್ಲಿ. "ಒಪ್ಪದೆ ಇನ್ನೇನು ಮಾಡಲಿ? ತೋರಿಸೋ."

ನಂಜುಂಡ ಅಂಗಿಯ ತೋಳು ಮಡಚಿದ. ಬದನೆಕಾಯಿಯ ಹಾಗೆ ಊದಿದ ಮಣಿಕಟ್ಟು; ಅದರ ಮೇಲೆ ಹೆಡೆಯೆತ್ತಿದ ಹಾವು. "ದಾದರ್ ಸ್ಟೇಷನ್ ಹೊರಗೆ ಹಾಕಿಸಿದೆ. ಜ್ವರ ಇನ್ನೂ ಬಿಟ್ಟಿಲ್ಲ. ಅವರು ಪಟ್ಟ ನೋವು ನಾನೂ ಪಡಬೇಕು ಅನ್ನಿಸ್ತು."

ಸತ್ಯಮೂರ್ತಿಯ ಕಣ್ಣು ತುಂಬಿತು. ಅವರ ಮಾತು ಕೇಳಿ ಒಬ್ಬ ಮನುಷ್ಯ ಏನನ್ನಾದರೂ ಮಾಡಿದ್ದು ಇದೇ ಮೊದಲು. "ಶಾಮಲಾ, ನಿನ್ನದನ್ನೂ ತೋರಿಸಮ್ಮ," ಎಂದರು ಹೆಮ್ಮೆಯಿಂದ.

ಅವಳು ಆ ಊದಿದ ಕೈಯನ್ನು ನೋಡುತ್ತಲೇ ಕರವಸ್ತ್ರ ಬಿಚ್ಚಿದಳು. ಮಣಿಕಟ್ಟಿನಲ್ಲಿ ಒಂದು ಕಲೆಯೂ ಇರಲಿಲ್ಲ.

"ಬಬಲ್ ಗಮ್ ಜೊತೆ ಪುಕ್ಕಟೆ ಬಂದಿತ್ತು," ಅಂದಳು. "ಸೋಪು ಹಾಕಿದರೆ ಹೋಗುತ್ತೆ."